ಒರಿಜಿನಲ್ ಸೀಡಿ ಮತ್ತು ನಮ್ಮ ಭಾವನ ಬೈಗುಳ

ಆಯುಧಪೂಜೆಯ ಮಾರನೇ ದಿನ ನಮ್ಮಕ್ಕನನ್ನು ಅವಳ ಮನೆಯಿಂದಲೇ ಆಚೆ ಹಾಕಿದರು.

ನಾನು ಚಾಮರಾಜನಗರದ ನಮ್ಮ ಮನೆಯಲ್ಲಿ ಹಬ್ಬದ ಒಬ್ಬಟ್ಟು ತಟ್ಟುತ್ತಿದ್ದೆ. ಗುಂಡ್ಲುಪೇಟೆಯಿಂದ ಫೋನು. ಅಕ್ಕ ಅಳುತ್ತಿದ್ದಳು.

"ನನ್ ಮನೆ ಓಯ್ತು ಕಣಮ್ಮಿ. ಒಳಿಕ್ಕೇ ಬುಡ್ತಾ ಇಲ್ಲ."

"ಯಾರು? ಓನರ್ರಾ?"

"ಓನರ್ ಅಲ್ಲ ಕಣ, ಕಂಪ್ನಿಯೋರು!"

ಯಾವ ಕಂಪನಿ? ಭಾವ ಎಲ್ಲಾದರೂ ಸಾಲ ಮಾಡಿದ್ದಾರಾ? ಒಬ್ಬಟ್ಟಿನ ಹಂಚು ಇಳಿಸಿ, ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವ ಹೊತ್ತಿಗೆ ಅಕ್ಕನಿಗೆ ನಮ್ಮ ಮನೆಯ ಯಾವ ರೂಮು ಬಿಟ್ಟುಕೊಡಬೇಕು ಅನ್ನುವ ಲೆಕ್ಕಾಚಾರವೂ ಮುಗಿದಿತ್ತು.

ಹೋಗಿ ನೋಡಿದರೆ ಅಕ್ಕನ ಮನೆ ಇದ್ದಲ್ಲೇ ಇದೆ! ಅಂಗಡಿಯ ಹಿಂದಿನ ಎರಡು ರೂಮು, ಕಿಟಕಿಯಿಲ್ಲದ ಅಡುಗೆಮನೆ, ಗ್ರೀಸಿನ ವಾಸನೆ. ಎಲ್ಲ ಹಾಗೇ ಇದೆ. ಹೋಗಿದ್ದು ಕಂಪ್ಯೂಟರಿನೊಳಗಿನ ಮನೆ.

ನಗಬೇಡಿ. ನಾನು ನಕ್ಕು ಅಕ್ಕನ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ನಮ್ಮ ಭಾವನಿಗೆ ಊಟಿ ರಸ್ತೆಯಲ್ಲಿ ಲಾರಿ, ಜೀಪುಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ಬಿಲ್ ಮಾಡಲಿಕ್ಕೆಂದು ಒಂದು ಕಂಪ್ಯೂಟರ್ ತಂದರು. ಮಧ್ಯಾಹ್ನ ಅದು ಸುಮ್ಮನೆ ಕೂತಿರುತ್ತದಲ್ಲ ಅಂತ ಅಕ್ಕ ಅದರ ಮುಂದೆ ಕೂತಳು. ಯಾರೋ ಒಂದು ಗೇಮ್ ತೋರಿಸಿದರು. ಗುಂಡು ಹಾರಿಸುವುದಲ್ಲ, ಕಾರು ಓಡಿಸುವುದೂ ಅಲ್ಲ. ಮನೆ ಕಟ್ಟುವುದು. ಕಟ್ಟಿದ ಮನೆಯೊಳಗೆ ಜನರನ್ನು ಇಟ್ಟು ಅವರ ಸಂಸಾರ ನಡೆಸುವುದು. ಅವರಿಗೆ ಹಸಿವಾದರೆ ಅಡುಗೆ ಮಾಡಿಸಬೇಕು, ನಿದ್ದೆ ಬಂದರೆ ಮಲಗಿಸಬೇಕು. (ಮನೆಯಲ್ಲಿ ಬೆಳಗಿನಿಂದ ಇದೇ ಕೆಲಸ ಮಾಡಿ ದಣಿದವಳು ಮತ್ತೆ ಅದನ್ನೇ ಆಡುತ್ತಾಳಲ್ಲ ಅಂತ ನಾನೂ ಆಶ್ಚರ್ಯಪಟ್ಟಿದ್ದೇನೆ.)

ಆದರೆ ಆ ಮನೆ ಬೇರೆ. ಅಡುಗೆಮನೆಗೆ ಗೋಡೆಯಗಲದ ಕಿಟಕಿ. ಮುಂದೆ ಜಗುಲಿ. ತುಳಸಿಕಟ್ಟೆ ಅಲ್ಲಿ ಸಿಗಲಿಲ್ಲ, ಯಾವುದೋ ಫಾರಿನ್ ಗಿಡದ ಕುಂಡವನ್ನೇ ಅಂಗಳದ ನಡುವೆ ಇಟ್ಟಿದ್ದಳು. ಒಳಗೆ ಜೀನ್ಸ್ ಪ್ಯಾಂಟ್ ಹಾಕಿಕೊಂಡು ಓಡಾಡುವ ಹೆಂಗಸಿಗೆ ಕುದೇರಿನ ನಮ್ಮಜ್ಜಿಯ ಹೆಸರಿಟ್ಟಿದ್ದಳು, ದೊಡ್ಡತಾಯಮ್ಮ ಅಂತ. ಮದುವೆಯಾಗಿ ಬಂದಾಗಿನಿಂದ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಬೆಂದವಳು ಅಕ್ಕ. ಒಂದೊಂದು ಮಧ್ಯಾಹ್ನ ಒಂದೊಂದು ಗೋಡೆ ಎಬ್ಬಿಸಿ, ಬಣ್ಣ ಬದಲಾಯಿಸಿ, ಮತ್ತೆ ಕೆಡವಿ, ವರ್ಷಗಟ್ಟಲೆ ಕಟ್ಟಿದ ಮನೆ ಅದು.

ಇನ್ನು ಭಾವ. ಅವರ ವಿಷಯ ಹೇಳದಿದ್ದರೆ ಈ ಕತೆ ಅರ್ಥವಾಗುವುದಿಲ್ಲ.

ಭಾವನ ಅಂಗಡಿಯಲ್ಲಿ ಡೂಪ್ಲಿಕೇಟ್ ಸಾಮಾನು ಸಿಗುವುದಿಲ್ಲ. ಸಿಗುವುದಿಲ್ಲ ಅಷ್ಟೇ ಅಲ್ಲ, ಕೇಳಿದವರಿಗೆ ಬೈಗುಳ ಫ್ರೀ. "ಡೂಪ್ಲಿಕೇಟ್ ಬ್ರೇಕ್ ಲೈನರ್ ಆಕ್ಕಂಡು ಘಾಟಿ ಇಳೀತೀಯೇನ್ಲಾ? ಯೆಂಡ್ತಿ ಮಕ್ಕಳು ಇಲ್ವೇನ್ಲಾ ನಿಂಗ? ನಾಲ್ಕ್ ಕಾಸ್ ಉಳಿಸ್ಬುಟ್ಟು ಯಾರ್‍ಗ ಕೊಡ್ತೀಯ?" ಅಂತ ಶುರುವಾದರೆ, ಟೀ ತಣ್ಣಗಾಗುವ ತನಕ ನಿಲ್ಲುವುದಿಲ್ಲ. ಕೇರಳದ ಡ್ರೈವರುಗಳಿಗೆ ಅರ್ಧ ಅರ್ಥವಾಗುವುದಿಲ್ಲ, ಆದರೂ ತಲೆಯಾಡಿಸಿ ಒರಿಜಿನಲ್ಲೇ ತೆಗೆದುಕೊಂಡು ಹೋಗುತ್ತಾರೆ. ಎದುರಿಗಿನ ಅಂಗಡಿಯವನು ಡೂಪ್ಲಿಕೇಟ್ ಮಾರಿ ಮಹಡಿ ಎಬ್ಬಿಸಿದ. ನಮ್ಮ ಭಾವ ಬೈದೇ ಹೆಸರು ಮಾಡಿದರು. ಆ ಬೈಗುಳ ಕೇಳಲೆಂದೇ ಗಾಡಿ ನಿಲ್ಲಿಸುವವರಿದ್ದಾರೆ.

ಇಂಥ ಮನುಷ್ಯ ಹೆಂಡತಿಗೆ ಕಳ್ಳ ಸೀಡಿ ತಂದುಕೊಡುತ್ತಾರಾ? ಮೈಸೂರಿಗೆ ಹೋಗಿ, ದೊಡ್ಡ ಅಂಗಡಿಯಲ್ಲಿ, ಡಬ್ಬದ ಮೇಲೆ ಹೊಳೆಯುವ ಸ್ಟಿಕ್ಕರ್ ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿ ಒರಿಜಿನಲ್ಲೇ ತಂದರು.

ತಂದ ಮೇಲೆ ಗೊತ್ತಾಯಿತು, ಆ ಗೇಮಿನಲ್ಲಿ ಮಳೆ ಬರುವುದಿಲ್ಲ. ಮಳೆ ಬೇಕಾದರೆ ಇನ್ನೊಂದು ಸೀಡಿ ಕೊಳ್ಳಬೇಕು! ನಾಯಿ ಸಾಕಬೇಕಾದರೆ ಮತ್ತೊಂದು. ಅಂಗಡಿ ಇಡಬೇಕಾದರೆ ಮಗದೊಂದು. ಗೇಮ್ ಮಾಡಿದ ಆ ದೊಡ್ಡ ಕಂಪನಿಯವರು ಸಂಸಾರವನ್ನು ಬಿಡಿಬಿಡಿಯಾಗಿ ಮಾರುತ್ತಿದ್ದರು.

"ನಾಯಿಗೂ ಬ್ಯಾರೆ ಸೀಡಿಯಾ? ನಮ್ ಬೀದಿ ತುಂಬ ಬಿದ್ದಾವಲ್ಲ, ಬಂದ್ ಇಡ್ಕೊಂಡ್ ಓಗಕ್ಕೇಳು" ಅಂತ ಅಕ್ಕ.

"ಲಾರಿ ಮಾರ್‍ಬುಟ್ಟು ಸ್ಟೇರಿಂಗ್ ಬ್ಯಾರೆ ತಗೋ ಅಂದಂಗಾಯ್ತಲ್ಲ ಇದು" ಅಂತ ಭಾವ ಗೊಣಗಿದರು. ಗೊಣಗಿದರೂ ಸರಕಿಗೆ ಮೈಸೂರಿಗೆ ಹೋದಾಗಲೆಲ್ಲ ಒಂದೊಂದನ್ನೇ ತಂದರು. ಹೋದ ಬೇಸಿಗೆಯಲ್ಲಿ ಮಳೆಯ ಸೀಡಿಯೂ ಬಂತು. ಹೊರಗೆ ಧಗೆ, ಅಕ್ಕನ ಕಿಟಕಿಯಾಚೆ ಸೋನೆ ಮಳೆ. "ದೊಡ್ಡತಾಯಮ್ಮ ನೆನೀತಾ ಅದಾಳ ಕಣಮ್ಮಿ" ಅಂತ ನನಗೆ ಫೋನ್ ಮಾಡಿ ಹೇಳಿದ್ದಳು. ಅವಳ ದನಿಯಲ್ಲಿ ಅಷ್ಟು ಖುಷಿ ಕೇಳಿ ಬಹಳ ಕಾಲವಾಗಿತ್ತು.

ಕಂಪನಿ ಕೊಕ್ಕೆ ಹಾಕಿದ್ದು ಆ ಮಳೆಯ ಸೀಡಿಯಲ್ಲೇ. ಅದನ್ನು ಹಾಕಿದ ಮೇಲೆ ಗೇಮ್ ಒಮ್ಮೆ ಇಂಟರ್ನೆಟ್ಟಿಗೆ ಹೋಗಿ ಕಂಪನಿಯ ಅನುಮತಿ ಕೇಳುತ್ತದೆ. ಮೂರು ಸಲ ಅನುಮತಿ ಕೊಡುತ್ತಾರೆ. ಆಮೇಲೆ ಇಲ್ಲ. ಇದನ್ನು ಡಬ್ಬದ ಹಿಂದೆ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಬರೆದಿದ್ದರಂತೆ. ಯಾರು ಓದುತ್ತಾರೆ ಸ್ವಾಮಿ? ನೀವು ಓದುತ್ತೀರಾ?

ನಮ್ಮ ಕಡೆ ಕಂಪ್ಯೂಟರಿಗೆ ಇರುವುದು ಒಂದೇ ಔಷಧ. ಫಾರ್ಮ್ಯಾಟ್! ಸ್ಲೋ ಆಯಿತಾ, ಫಾರ್ಮ್ಯಾಟ್ ಹೊಡಿ. ವೈರಸ್ ಬಂತಾ, ಫಾರ್ಮ್ಯಾಟ್ ಹೊಡಿ. ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬುವುದು. ಅಕ್ಕನ ಮನೆಗೆ ಇದನ್ನು ಮಾಡಲು ಬರುವವನು ಬಿಜು, ಕೇರಳದ ಬತ್ತೇರಿ ಕಡೆಯವನು, ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದಾನೆ. "ಚೇಚಿ, ಒಂದು ಫಾರ್ಮ್ಯಾಟ್ ಹೊಡೆದ್ರೆ ಎಲ್ಲ ಶರಿ ಆಗ್ತದೆ" ಅನ್ನುವುದು ಅವನ ಮಂತ್ರ. (ಅವನ ಮಲಯಾಳದಲ್ಲಿ ಅಕ್ಕ ಅಂದರೆ ಚೇಚಿ, ಅಣ್ಣ ಅಂದರೆ ಚೇಟ್ಟಾ.) ಅಕ್ಕ ಕಟ್ಟಿದ ಮನೆಯನ್ನು ಮಾತ್ರ ಅವನು ಪ್ರತಿ ಸಲವೂ ಜೋಪಾನವಾಗಿ ಬೇರೆ ಕಡೆ ಎತ್ತಿಟ್ಟು, ಆಮೇಲೆ ತಂದು ಕೂರಿಸುತ್ತಿದ್ದ. ಮಳೆಯ ಸೀಡಿ ಬಂದ ಮೇಲೆ, ಮುಂಗಾರಿನ ಕರೆಂಟಿನ ಕಾಟಕ್ಕೆ ಒಂದು ಸಲ ಫಾರ್ಮ್ಯಾಟ್ ಆಗಿತ್ತು. ಯಾರದೋ ಪೆನ್ ಡ್ರೈವಿನ ವೈರಸ್ಸಿಗೆ ಇನ್ನೊಂದು ಸಲ. ಮೊದಲು ಹಾಕಿದ್ದೂ ಸೇರಿ ಅಲ್ಲಿಗೆ ಮೂರಾಯಿತು.

ಆಮೇಲೆ ಆಯುಧಪೂಜೆ ಬಂತು.

ಭಾವನ ಅಂಗಡಿಯಲ್ಲಿ ಆಯುಧಪೂಜೆ ಅಂದರೆ ಸಣ್ಣ ಮಾತಲ್ಲ. ಸ್ಪ್ಯಾನರ್, ಜಾಕ್, ತಕ್ಕಡಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಜೋಡಿಸುತ್ತಾರೆ. ಕಂಪ್ಯೂಟರೂ ಆಯುಧ ತಾನೇ? ಅದನ್ನು ತೊಳೆಯುವುದು ಹೇಗೆ?

"ಬಿಜೂನ ಕರ್‍ದು ಒಂದ್ ಫಾರ್ಮ್ಯಾಟ್ ಒಡ್ಸಿಬುಡು. ಹಬ್ಬದಲ್ಲಿ ಅದೂ ಕಿಲೀನಾಗಿರ್‍ಲಿ" ಅಂದರು ಭಾವ.

ಫಾರ್ಮ್ಯಾಟ್ ಆಯಿತು. ಮಾನಿಟರಿಗೆ ವಿಭೂತಿ ಪಟ್ಟೆ, ಕೀಬೋರ್ಡಿಗೆ ಚೆಂಡುಹೂ, ಮುಂದೆ ಕುಂಬಳಕಾಯಿ. ಮಾರನೇ ದಿನ ಅಕ್ಕ ಗೇಮ್ ಹಾಕಿದರೆ ಕಂಪನಿ ಇಂಗ್ಲಿಷಿನಲ್ಲಿ ಹೇಳಿತು: ನಿಮ್ಮ ಕೋಟಾ ಮುಗಿದಿದೆ.

ಇಂಗ್ಲಿಷಿನ ಕಾಗದ ಪತ್ರವೆಲ್ಲ ನನ್ನ ಖಾತೆ. ಅವತ್ತೇ ಕೂತು ಇ-ಮೇಲ್ ಬರೆದೆ. ಎರಡು ದಿನಕ್ಕೆ ಉತ್ತರ ಬಂತು: ನೀವು ಇದನ್ನು ಬೇರೆ ಬೇರೆ ಕಂಪ್ಯೂಟರಿಗೆ ಹಾಕಿದ್ದೀರಿ. ಒಂದೊಂದು ಫಾರ್ಮ್ಯಾಟೂ ಅವರ ಲೆಕ್ಕದಲ್ಲಿ ಒಂದೊಂದು ಹೊಸ ಕಂಪ್ಯೂಟರು!

"ಇನ್ನುಳಿದವು ಎಲ್ಲಿ ಅವ ಅಂತ ಕೇಳು. ನಮ್ಮನೆ ಕಂಪ್ಯೂಟ್ರಂತ, ತಂದ್ ಕೊಟ್ಬುಡಕ್ಕೇಳು" ಅಂದಳು ಅಕ್ಕ.

ಮತ್ತೆ ಬರೆದೆ. ಇದು ಹಬ್ಬ, ನಾವು ಉಪಕರಣಗಳನ್ನು ಪೂಜಿಸುತ್ತೇವೆ, ಪೂಜೆಗೆ ಮುಂಚೆ ಶುಚಿ ಮಾಡುತ್ತೇವೆ, ಹಾಗಾಗಿ ಫಾರ್ಮ್ಯಾಟ್ ಮಾಡಿದೆವು ಅಂತ ವಿವರಿಸಿದೆ. (ಆಯುಧಪೂಜೆಯನ್ನು ಇಂಗ್ಲಿಷಿನಲ್ಲಿ ವಿವರಿಸಿ ನೋಡಿ, ಕಷ್ಟ ಗೊತ್ತಾಗುತ್ತದೆ.) ನಿಮ್ಮ ಹಬ್ಬಕ್ಕೆ ಶುಭಾಶಯಗಳು ಅಂತ ಉತ್ತರ ಬಂತು. ಜೊತೆಗೇ ಒಂದು ಸಲಹೆ, ದಯವಿಟ್ಟು ಹೊಸ ಪ್ರತಿ ಕೊಂಡುಕೊಳ್ಳಿ.

ನನಗೆ ಸಿಟ್ಟು ತಲೆಗೇರಿತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ದೇಶದೇಶದ ಜನ ಇದೇ ಕಂಪನಿಯನ್ನು ಇದೇ ಕಾರಣಕ್ಕೆ ಬಾಯಿಗೆ ಬಂದಂತೆ ಬೈದಿದ್ದಾರೆ. ದುಡ್ಡು ಕೊಟ್ಟು ಕೊಂಡೆವೋ ಬಾಡಿಗೆಗೆ ತಂದೆವೋ ಅಂತ ಕೇಳಿದ್ದಾರೆ. ಕಳ್ಳರನ್ನು ತಡೆಯಲಿಕ್ಕೆ ಈ ಬೀಗ ಅಂತ ಕಂಪನಿ ಹೇಳುತ್ತದೆ. ಸರಿ, ಕಳ್ಳ ಸೀಡಿಗೆ ಬೀಗವೇ ಇಲ್ಲವಲ್ಲ! ಅದನ್ನು ಎಷ್ಟು ಸಲ ಬೇಕಾದರೂ ಹಾಕಬಹುದು, ಯಾರ ಅನುಮತಿಯೂ ಬೇಡ. ಬೀಗ ಬಿದ್ದಿದ್ದು ಕಾಸು ಕೊಟ್ಟವನ ಬಾಗಿಲಿಗೆ ಮಾತ್ರ.

ಬಿಜು ಈ ಮಾತನ್ನು ಮೊದಲೇ ಹೇಳಿದ್ದ. "ಕ್ರ್ಯಾಕ್ ಸೀಡಿ ಹಾಕೋಣ ಚೇಟ್ಟಾ, ಬೀಗ ಒಡೆದದ್ದು, ಎರಡು ನಿಮಿಷ" ಅಂದವನನ್ನು ಭಾವ ಅಂಗಡಿಯ ಮೆಟ್ಟಿಲು ಇಳಿಯುವ ತನಕ ಬೈದು ಕಳಿಸಿದ್ದರು. ಎತ್ತಿಟ್ಟ ಮನೆ ಅಲ್ಲೇ ಕಂಪ್ಯೂಟರಿನೊಳಗೇ ಇತ್ತು. ತೆರೆಯಲು ಮಾತ್ರ ಆಗುತ್ತಿರಲಿಲ್ಲ. ಅಕ್ಕ ಮಧ್ಯಾಹ್ನದ ಹೊತ್ತು ಆ ಕಡೆ ಹೋಗುವುದನ್ನೇ ಬಿಟ್ಟಳು. ಜಗಳ ಆಡಲಿಲ್ಲ, ಹಠ ಮಾಡಲಿಲ್ಲ. ಊಟ ಬಡಿಸಿ, ಪಾತ್ರೆ ತೊಳೆದು, ಆ ಕಿಟಕಿಯಿಲ್ಲದ ಅಡುಗೆಮನೆಯಲ್ಲೇ ಚಾಪೆ ಹಾಸಿ ಮಲಗಿಬಿಡುತ್ತಿದ್ದಳು. ಭಾವ ಅದನ್ನು ದಿನವೂ ನೋಡಿದರು.

ದೀಪಾವಳಿಯೂ ಕಳೆಯಿತು. ಹೋದ ಭಾನುವಾರ ನಾನು ಮತ್ತೆ ಹೋಗಿದ್ದೆ. ಭಾವ ಹಿಂದಿನ ದಿನ ಸರಕಿಗೆಂದು ಮೈಸೂರಿಗೆ ಹೋಗಿಬಂದಿದ್ದರು. ಊಟವಾದ ಮೇಲೆ ಒಳಗಿನಿಂದ ಪೇಪರಿನಲ್ಲಿ ಸುತ್ತಿದ ಸೀಡಿಯೊಂದನ್ನು ತಂದು ಟೇಬಲ್ ಮೇಲೆ ಇಟ್ಟರು. ಡಬ್ಬವಿಲ್ಲ, ಸ್ಟಿಕ್ಕರಿಲ್ಲ. ಸೀಡಿಯ ಮೇಲೆ ಗೇಮಿನ ಹೆಸರನ್ನು ಯಾರೋ ಮಾರ್ಕರಿನಲ್ಲಿ ಗೀಚಿದ್ದರು, ಅದರಲ್ಲೂ ಒಂದು ಅಕ್ಷರ ತಪ್ಪು.

"ಆಕ್ಕೊ" ಅಂದರು. ನಮ್ಮಿಬ್ಬರ ಮುಖ ನೋಡಲಿಲ್ಲ. ಅಂಗಡಿಗೆ ಹೊರಟುಹೋದರು.

ಬಿಜು ಬಂದು ಹಾಕಿಕೊಟ್ಟ. ಮನೆ ತೆರೆಯಿತು. ಜಗುಲಿ, ಕಿಟಕಿ, ಕುಂಡ, ದೊಡ್ಡತಾಯಮ್ಮ ಎಲ್ಲ ಇದ್ದರು. ಮಳೆಯೂ ಬರುತ್ತಿತ್ತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಸ್ವಲ್ಪ ಹೊತ್ತು ನೋಡಿದವಳು ಮೌಸ್ ಬಿಟ್ಟು ಕೈ ಕಟ್ಟಿಕೊಂಡಳು.

"ಅವರ್‍ನ ನೋಡಿದ್ಯ? ನನ್ ಮಕ ನೋಡ್ದೇ ಓದ್ರು ಕಣಮ್ಮಿ. ನಾನ್ ಇದ್ನ ಕೇಳಿರ್‍ನಿಲ್ಲ."

ನನಗೂ ಸಂಕಟವಾಯಿತು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ.

ಹೊರಡುವ ಮುಂಚೆ ಭಾವನಿಗೆ ಹೇಳಿಹೋಗಲು ಅಂಗಡಿಗೆ ಬಂದೆ. ಇಲ್ಲೇ ಕೇರಳ ರಸ್ತೆಯಲ್ಲಿರುವ ಮದ್ದೂರು ಕಡೆಯ ಜೀಪಿನವನೊಬ್ಬ ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದ. ಹಳೇ ಗಿರಾಕಿ.

"ಅಣ್ಣೋ, ಡೂಪ್ಲಿಕೇಟ್ ಲೈನರ್ ಇದ್ರ ಕೊಡು" ಅಂದ. ಅವನ ಮುಖದಲ್ಲಿ ನಗು ರೆಡಿಯಾಗಿತ್ತು, ಬೈಸಿಕೊಳ್ಳಲೆಂದೇ ಕೇಳಿದ್ದ.

ಭಾವ ಬಿಲ್ ಪುಸ್ತಕದಿಂದ ತಲೆ ಎತ್ತಲಿಲ್ಲ. "ನನ್ ತಾವು ಇಲ್ಲ. ಎದ್ರುಗಡ ಸಿಕ್ತದ, ಓಗು."

ಜೀಪಿನವನ ನಗು ಇಳಿಯಿತು. "ಯಾಕಣ್ಣ? ಬೈಯಾಕಿಲ್ವ ಇವತ್ತು? ಮೈಗ್ ಉಸಾರಿಲ್ವ?"

"ಬೈಯಕ್ಕ ನಾನ್ಯಾವ ಒರಿಜಿನಲ್ಲು? ಬುಡ್ಲಾ."

ಅವನು ಏನೂ ತಿಳಿಯದೆ ನನ್ನ ಮುಖ ನೋಡಿದ, ಆಮೇಲೆ ಮೆಲ್ಲಗೆ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದ. ಭಾವ ಅವನನ್ನು ಕೂಗಿ ನಿಲ್ಲಿಸಲಿಲ್ಲ.

ಅಕ್ಕನ ಮನೆಯ ಬೀಗವನ್ನು ಕಳ್ಳ ಸೀಡಿ ಎರಡು ನಿಮಿಷದಲ್ಲಿ ಒಡೆಯಿತು ನಿಜ. ಆ ಮದ್ದೂರಿನವನು ಹೋಗಿ ಹಾಕಿಸಿಕೊಂಡ ಡೂಪ್ಲಿಕೇಟ್ ಬ್ರೇಕಿಗೆ ಇನ್ನು ಯಾರು ಬೈಯಬೇಕು, ಕಂಪನಿಯವರಾ?