ಹೊಸ ವರ್ಷದ ಬಿಲ್ ನಂಬರು

ಹೊಟ್ಟೆಕಿಚ್ಚು ಉಮಾದೇವಿಯ ಹುಟ್ಟುಗುಣವಾಗಿರಲಿಲ್ಲ. ಗಂಡ ದಿನಕರನಿಗೆ ವಿಜಯವಾಡದ ಬ್ಯಾಂಕಿನಿಂದ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಅಂಟಿಕೊಂಡ ಕಾಯಿಲೆ ಅದು. ಕಾರಣ, ದುರ್ಗಾಭವಾನಿ ಎಂಬ ಹುಡುಗಿ. ಆ ಹುಡುಗಿಗೆ ಕೆಲಸ ಕಲಿಸಿದವಳು ಉಮಾದೇವಿಯೇ ಎಂಬುದು ಇನ್ನೂ ಉರಿಯುವ ವಿಷಯ.

ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿ ಮದುವೆಯಾದ ಉಮಾದೇವಿ, ಗಂಡನ ವರ್ಗಾವರ್ಗಿಯ ಹಿಂದೆ ಪಾತ್ರೆಪಗಡೆ ಕಟ್ಟಿಕೊಂಡು ಊರೂರು ಸುತ್ತಿದವಳು. ವಿಜಯವಾಡದಲ್ಲಿ ಮಾತ್ರ ಅವಳಿಗೊಂದು ಕೆಲಸ ಸಿಕ್ಕಿತು. ಆಟೋನಗರ್‌ನಲ್ಲಿ ಫಣೀಂದ್ರ ಎಂಬವರದು ಲಾರಿಗಳಿಗೆ ಸ್ಪ್ರಿಂಗ್ ಪಟ್ಟಿ ಕೂರಿಸುವ ವರ್ಕ್‌ಶಾಪು. ಬಿಲ್ಲುಗಳನ್ನು ತಂತಿಗೆ ಚುಚ್ಚಿ ನೇತುಹಾಕಿದರೆ ಲೆಕ್ಕ ಬರೆದ ಹಾಗೆಯೇ ಎಂದು ನಂಬಿದ್ದ ಮನುಷ್ಯ. ಜಿಎಸ್‌ಟಿ ದಿನ ಹತ್ತಿರ ಬಂದರೆ ಆಡಿಟರನ ಬೈಗುಳಕ್ಕೆ ಹೆದರಿ ಫೋನನ್ನೇ ಎತ್ತುತ್ತಿರಲಿಲ್ಲ. ಉಮಾದೇವಿ ಕಂಪ್ಯೂಟರ್ ತರಿಸಿದಳು, ಲೆಕ್ಕ ಬರೆಯಲು ಟ್ಯಾಲಿ ಹಾಕಿಸಿದಳು. ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ ಸ್ಪ್ರಿಂಗ್ ಪಟ್ಟಿಗೆ ಕಂಪನಿಯವರದೊಂದು ಹೆಸರು, ಮೆಕ್ಯಾನಿಕ್‌ಗಳದೊಂದು, ಡ್ರೈವರುಗಳದೊಂದು. ಗ್ರೀಸು ಮೆತ್ತಿದ ರ್‍ಯಾಕುಗಳ ನಡುವೆ ನಿಂತು, ಎಲ್ಲರೊಡನೆ ಜಗಳವಾಡಿ, ಪ್ರತಿ ಸಾಮಾನಿಗೂ ಒಂದೇ ಹೆಸರು ಗೊತ್ತುಮಾಡಿ ಕಂಪ್ಯೂಟರಿಗೆ ಏರಿಸಿದಳು. ಮಳೆಗಾಲ ಕಳೆಯುವಷ್ಟರಲ್ಲಿ, ಯಾವ ಸಾಮಾನು ಎಷ್ಟಿದೆ ಎಂದು ಫಣೀಂದ್ರ ಕುರ್ಚಿಯಿಂದ ಏಳದೆ ಹೇಳುವಂತಾಯಿತು.

ಆ ವರ್ಕ್‌ಶಾಪಿನಲ್ಲಿ ಆಯುಧಪೂಜೆಗೆ ಒಂದು ಕಟ್ಟಳೆಯಿತ್ತು. ಯಂತ್ರವನ್ನು ನಡೆಸುವವರೇ ಅದಕ್ಕೆ ಕುಂಕುಮ ಇಡಬೇಕು, ಮಾಲೀಕನೂ ಕೈಹಾಕುವಂತಿಲ್ಲ. ಲೇತಿಗೆ ಲೇತಿನವನು ಇಟ್ಟ, ವೆಲ್ಡಿಂಗ್ ಯಂತ್ರಕ್ಕೆ ವೆಲ್ಡರ್ ಇಟ್ಟ. ಎಲ್ಲರೂ ತಿರುಗಿ ಉಮಾದೇವಿಯನ್ನು ನೋಡಿದರು. ಅವಳು ಕಂಪ್ಯೂಟರಿನ ನೆತ್ತಿಗೆ ಕುಂಕುಮ ಇಟ್ಟಳು. ಮದುವೆಯಾದ ಮೇಲೆ ತನ್ನದು ಎನ್ನುವಂಥದ್ದು ಒಂದು ಸಿಕ್ಕಿತು ಎಂದು ಅವಳಿಗೆ ಅನ್ನಿಸಿದ್ದು ಅಂದೇ.

ವರ್ಗದ ಆದೇಶ ಬಂದಾಗ ಅವಳ ಜಾಗಕ್ಕೆ ದುರ್ಗಾಭವಾನಿ ಬಂದಳು. ಉಮಾದೇವಿ ಎಲ್ಲವನ್ನೂ ಕಲಿಸಿದಳು, ಒಂದನ್ನು ಬಿಟ್ಟು. ಏಪ್ರಿಲ್ ಬಂದಾಗ ಬಿಲ್ಲಿನ ಮೇಲೆ ಹೊಸ ವರ್ಷದ ಗುರುತು ಹಾಕಿ, ನಂಬರನ್ನು ಮತ್ತೆ ಒಂದರಿಂದ ಶುರುಮಾಡಬೇಕು. ಅದನ್ನು ಹೇಳಿಕೊಡಲಿಲ್ಲ. ಮರೆತದ್ದಲ್ಲ, ಬೇಕೆಂದೇ ಉಳಿಸಿಕೊಂಡದ್ದು. ವರ್ಷಕ್ಕೊಮ್ಮೆಯಾದರೂ ತನ್ನನ್ನು ಕೇಳದೆ ಅವರಿಗೆ ಗತಿಯಿಲ್ಲದಂತಿರಲಿ ಎಂಬ ಆಸೆ.

ವಿಶಾಖಪಟ್ಟಣಕ್ಕೆ ಮೊದಮೊದಲು ದಿನವೂ ಫೋನು ಬರುತ್ತಿತ್ತು. ಆಮೇಲೆ ವಾರಕ್ಕೊಮ್ಮೆ. ಕೊನೆಗೆ ಹಬ್ಬದ ಶುಭಾಶಯ ಮಾತ್ರ ಉಳಿಯಿತು. ಒಮ್ಮೆ ಇವಳಾಗಿಯೇ ಮಾಡಿದರೆ ಫಣೀಂದ್ರ, "ನಮ್ಮ ಭವಾನಿ ಬಂಗಾರ ಮೇಡಂ" ಎಂದು ಹಾಡಿಹೊಗಳಿದರು. ಬಾಲ್ಕನಿಗೆ ಸಮುದ್ರದ ತಣ್ಣನೆ ಗಾಳಿ ಬೀಸುತ್ತಿದ್ದರೂ ಉಮಾದೇವಿಗೆ ಮೈಯೆಲ್ಲ ಉರಿ.

"ಕಲಿಸಿದ್ದು ನೀನು ತಾನೆ? ಅವಳು ದಡ್ಡಿ ಆಗಿದ್ರೆ ನಿನಗೇ ಅಲ್ವೇನೆ ಕೆಟ್ಟ ಹೆಸರು?" ಎಂದ ದಿನಕರ.

"ಬರ್ಲಿ ಬಿಡಿ ಕೆಟ್ಟ ಹೆಸರು" ಎಂದಳು.

ಏಪ್ರಿಲ್ ಮೊದಲ ದಿನ ಮಧ್ಯಾಹ್ನ ಫೋನು ಬಂತು. "ಅಕ್ಕಾ, ಬಿಲ್ ನಂಬರು ಹಳೇ ವರ್ಷದ್ದೇ ಬರ್ತಾ ಇದೆ. ಏನು ಮಾಡ್ಬೇಕೋ ತಿಳೀತಿಲ್ಲ" ಎಂದಿತು ಹುಡುಗಿ, ತೆಲುಗಿನಲ್ಲಿ. ಉಮಾದೇವಿ ಉಬ್ಬಿಹೋದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಎಳೆದು ಹೇಳಿಕೊಟ್ಟಳು. ಆ ದಿನ ಮನೆಯಲ್ಲಿ ಕೇಸರಿಬಾತು.

ದಸರೆಗೆ ಗಂಡಹೆಂಡತಿ ವಿಜಯವಾಡಕ್ಕೆ ಹೋದರು. ಇಂದ್ರಕೀಲಾದ್ರಿ ಬೆಟ್ಟದ ನೂಕುನುಗ್ಗಲಿನಲ್ಲಿ ದೇವಿಯ ದರ್ಶನ ಮುಗಿಸಿ, ಆಯುಧಪೂಜೆಯ ಹೊತ್ತಿಗೆ ಆಟೋನಗರ್ ಸೇರಿದರು. ಕಂಪ್ಯೂಟರಿಗೆ ಕುಂಕುಮ ಇಡುವವರು ಯಾರು? ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅದೊಂದೇ. ಫಣೀಂದ್ರರ ಪಕ್ಕದಲ್ಲಿ ಎದುರು ಅಂಗಡಿಯ ಟೈರಿನ ವ್ಯಾಪಾರಿ ಕೂತಿದ್ದ. ಯಾರೂ ಕೇಳದೆಯೇ ಅವನು ಮಾತು ತೆಗೆದ.

"ನಮ್ಮ ಅಂಗಡಿ ಲೆಕ್ಕನೂ ಭವಾನಿಯೇ ಕಂಪ್ಯೂಟರಿಗೆ ಹಾಕಿಕೊಟ್ಟಳಮ್ಮ. ಏಪ್ರಿಲ್ ಒಂದರ ಬೆಳಗ್ಗೆ ಹೊಸ ಬಿಲ್ ನಂಬರು ಕೂರಿಸಿಕೊಟ್ಟೇ ಇಲ್ಲಿಗೆ ಬಂದಿದ್ದು."

ಉಮಾದೇವಿ ಮನಸ್ಸಿನಲ್ಲೇ ಹೊತ್ತು ಲೆಕ್ಕಹಾಕಿದಳು. ಅಂದರೆ, ತನಗೆ ಫೋನು ಮಾಡುವ ಮೊದಲೇ ಅದು ಅವಳಿಗೆ ಗೊತ್ತಿತ್ತು. ತಿಳಿದೂ ತಿಳಿಯದವಳಂತೆ ಕೇಳಿದ್ದಳು.

ಅಷ್ಟರಲ್ಲಿ ಹುಡುಗಿ ಕುಂಕುಮದ ತಟ್ಟೆ ಹಿಡಿದು ಬಂದಳು. ಎಲ್ಲ ಯಂತ್ರಗಳಿಗೂ ಬೊಟ್ಟು ಬಿದ್ದಿತ್ತು. ಕಂಪ್ಯೂಟರ್ ಮಾತ್ರ ಬೋಳಾಗಿತ್ತು.

"ನೀವು ಬರ್ತೀರ ಅಂತ ಇಡ್ಲಿಲ್ಲ ಅಕ್ಕಾ. ನೀವೇ ಇಡಿ."

ಅವಳ ಮುಖದಲ್ಲಿ ಕುಹಕವಿದೆಯೇ ಎಂದು ಉಮಾದೇವಿ ಹುಡುಕಿದಳು. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಮನಸಾರೆ ದ್ವೇಷಿಸಬಹುದಿತ್ತು. ಇರಲಿಲ್ಲ. 'ನೀನೇ ಇಡಮ್ಮ' ಎನ್ನುವುದು ನ್ಯಾಯ. ಆದರೂ ಕುಂಕುಮ ತೆಗೆದುಕೊಂಡು ತಾನೇ ಇಟ್ಟಳು.

ವಾಪಸಾಗುವ ರೈಲಿನಲ್ಲಿ ಗಂಡನಿಗೆ ಎಲ್ಲ ಹೇಳಿದಳು, ತಾನು ಬೇಕೆಂದೇ ಕಲಿಸದೆ ಬಿಟ್ಟದ್ದನ್ನೂ. ದಿನಕರ, "ಆ ಟೈರಿನವನು ನಿನ್ ಮುಂದೆ ಬಾಯಿಬಿಟ್ಟಿದ್ದು ಅವಳಿಗೂ ಗೊತ್ತಾಗಿರುತ್ತೆ. ಮುಂದಿನ ಏಪ್ರಿಲ್‌ಗೆ ಫೋನ್ ಬರಲ್ಲ ಬಿಡು" ಎಂದ.

ಅಂದಿನಿಂದ ಹೊಟ್ಟೆಕಿಚ್ಚಿನ ಜೊತೆಗೆ ಹೆದರಿಕೆಯೂ ಸೇರಿತು. ಏಪ್ರಿಲ್ ಒಂದರಂದು ಉಮಾದೇವಿ ಒಲೆಯ ಮೇಲಿನ ಸಾರು ಉಕ್ಕಿದ್ದನ್ನೂ ನೋಡದೆ ಫೋನಿನ ಸುತ್ತ ಸುಳಿದಾಡಿದಳು. ಊಟದ ಹೊತ್ತಾಯಿತು. ಬರಲಿಲ್ಲ. ಕಾಫಿಗೆ ನೀರಿಟ್ಟಾಗ ಬಂತು.

"ಅಕ್ಕಾ, ಹೋದ ವರ್ಷ ಹೇಳಿಕೊಟ್ಟಿದ್ರಲ್ಲ, ಬಿಲ್ ನಂಬರು. ನನಗೆ ಪೂರ್ತಿ ಮರೆತೇಹೋಗಿದೆ."

ಸುಳ್ಳು ಎಂದು ಉಮಾದೇವಿಗೆ ಗೊತ್ತಿತ್ತು. ತನಗೆ ಗೊತ್ತಿದೆಯೆಂದು ಆ ಹುಡುಗಿಗೂ ಗೊತ್ತಿತ್ತು. ಕೆಲಸ ಕಲಿತದ್ದಲ್ಲದೆ ಇಂಥ ಮನಸ್ಸೂ ಇವಳಿಗೇ ಇರಬೇಕೆ ಎಂದು ಇನ್ನೊಮ್ಮೆ ಹೊಟ್ಟೆ ಉರಿಯಿತು. ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತಳು.

"ಮರೆತರೇನಂತೆ, ನಾನಿದ್ದೀನಲ್ಲ. ಒಂದೊಂದಾಗಿ ಹೇಳ್ತೀನಿ, ನಿಧಾನವಾಗಿ ಮಾಡಮ್ಮ" ಎಂದಳು.