ಏನನ್ನೂ ಮಾರದ ಜಾಗ

ಹೊಸ ನೆಲ ಕಂಡರೆ ನಮ್ಮ ಮೇಡಂ ಚಪ್ಪಲಿ ಬಿಚ್ಚಿ ಅದರ ಮೇಲೆ ನಿಲ್ಲುತ್ತಿದ್ದರು. ಅಗಲವಾದ ಪಾದ, ಒಡೆದ ಹಿಮ್ಮಡಿ, ಹೊರಕ್ಕೆ ಬಾಗಿದ ಕಿರುಬೆರಳು. ದುಬೈಯ ನಮ್ಮ ಕಚೇರಿಗೆ ಕಲ್ಲಿನ ಮಾದರಿ ತರುವ ವ್ಯಾಪಾರಿಗಳು ಅದನ್ನು ಜೋಪಾನವಾಗಿ ಮೇಜಿನ ಮೇಲಿಟ್ಟರೆ, ಇವರು ಎತ್ತಿ ನೆಲಕ್ಕಿಟ್ಟು ಹತ್ತಿ ನಿಂತುಬಿಡುತ್ತಿದ್ದರು. ‘ಮೇಜಿನ ಮೇಲೆ ಯಾರು ನಡೀತಾರೆ?’ ಎಂದು ಕೇಳುತ್ತಿದ್ದರು.

ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು. ಮದುವೆಯಾಗಿರಲಿಲ್ಲ. ದುಬೈಯ ಕರಾಮ ಬಡಾವಣೆಯ ಹಳೆಯ ಫ್ಲ್ಯಾಟೊಂದರಲ್ಲಿ, ನರ್ಸ್ ಆಗಿದ್ದ ತಂಗಿಯ ಕುಟುಂಬದೊಂದಿಗೆ ಇದ್ದರು. ನಮ್ಮ ಸಂಸ್ಥೆಯ ಹಿರಿಯ ವಾಸ್ತುಶಿಲ್ಪಿ ಅವರೇ. ಮೈಸೂರಿನಲ್ಲಿ ಓದಿ ಬಂದ ನಾನು ಸೇರಿದ್ದು ಅವರ ಕೈಕೆಳಗೆ. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಕೆಲಸ ಸರಿಯಿದ್ದರೆ ಮುಂದಿನ ಹಾಳೆ ಕೇಳುತ್ತಿದ್ದರು, ಅಷ್ಟೆ.

ಮೊದಲ ವಾರವೇ ಬೈಸಿಕೊಂಡೆ. ಅಂಗಡಿಬೀದಿಯೊಂದರ ಚಿತ್ರ ಮಾಡಿ, ಎಲ್ಲರೂ ಮಾಡುವಂತೆ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಮನುಷ್ಯರನ್ನು ಅಲ್ಲಲ್ಲಿ ಅಂಟಿಸಿದ್ದೆ. ಎತ್ತರದ ಬಿಳಿಯರು, ಕೈಯಲ್ಲಿ ಶಾಪಿಂಗ್ ಚೀಲ. ಮೇಡಂ ಕನ್ನಡಕ ಏರಿಸಿ ನೋಡಿದರು.

‘ಇವರೆಲ್ಲ ಎಲ್ಲಿಗೆ ಓಡುವುದು ಮಾರಾಯ್ತಿ? ಒಬ್ಬರಾದರೂ ಕೂತುಕೊಂಡಿದ್ದಾರಾ? ಕರಾಮದ ಬಸ್ ಸ್ಟಾಪಿನಲ್ಲಿ ಇಂಥ ಜನ ಎಲ್ಲಿ ನೋಡಿದ್ದೀ ನೀನು?’

ಮರುದಿನ ಬಸ್ ಸ್ಟಾಪಿಗೆ ಹೋಗಿ, ಅಲ್ಲಿದ್ದವರನ್ನು ಪೆನ್ಸಿಲಿನಲ್ಲಿ ಬರೆದು ತಂದೆ. ಮೇಡಂ ಮುಂದಿನ ಹಾಳೆ ಕೇಳಿದರು.

ಕೆಲವು ವರ್ಷಗಳ ನಂತರ ದೊಡ್ಡ ಕೆಲಸವೊಂದು ಬಂತು. ದುಬೈಯ ಹೊರವಲಯದಲ್ಲಿ ತೆರೆದ ಮಾಲ್, ಅದರ ನಡುವೆ ಇಟಲಿಯ ಸಿಯೆನಾ ನಗರದಲ್ಲಿರುವಂಥದ್ದೇ ಒಂದು ಚೌಕ. ಮಾಲೀಕರ ಕಡೆಯವರು ತಂದಿದ್ದು ಒಂದೇ ಒಂದು ಫೋಟೋ. ಮೂಲವನ್ನು ನೋಡದೆ ಗೆರೆ ಎಳೆಯುವುದಿಲ್ಲ ಎಂದು ಮೇಡಂ ಹಟ ಹಿಡಿದರು. ಹಾಗಾಗಿ ಒಂದು ವಸಂತದಲ್ಲಿ ನಾವಿಬ್ಬರೂ ಸಿಯೆನಾಕ್ಕೆ ಹೋದೆವು.

ಇಕ್ಕಟ್ಟಾದ ಓಣಿಗಳಲ್ಲಿ ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ಆ ಚೌಕ ಎದುರಾಗುತ್ತದೆ. ಅದಕ್ಕೆ ಚೌಕದ ಆಕಾರವಿಲ್ಲ. ಕೆಂಪು ಇಟ್ಟಿಗೆಯ ನೆಲ ಚಿಪ್ಪಿನಂತೆ ಹರಡಿಕೊಂಡು, ಕೆಳಗಿನ ಹಳೆಯ ಪುರಭವನದತ್ತ ಮೆಲ್ಲಗೆ ಇಳಿಯುತ್ತದೆ. ನಾನು ಕ್ಯಾಮರಾ ತೆಗೆದೆ.

‘ಅದು ಒಳಗಿಡು. ಕೂತುಕೊ,’ ಎಂದರು.

‘ನೆಲದ ಮೇಲೇನಾ ಮೇಡಂ?’

‘ಮತ್ತೆ? ಊರಿಡೀ ಎಲ್ಲಿ ಕೂತುಕೊಂಡಿದೆ ನೋಡು.’

ನಿಜ. ವಿದ್ಯಾರ್ಥಿಗಳು, ಮುದುಕರು, ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದ ತಾಯಿ ಎಲ್ಲರೂ ಇಟ್ಟಿಗೆಯ ಮೇಲೆಯೇ ಇದ್ದರು. ಕೆಲವರು ಮಲಗಿಯೂ ಇದ್ದರು. ಪುರಭವನದ ಎತ್ತರದ ಗೋಪುರ ಚೌಕದ ಮೇಲೆ ಉದ್ದನೆಯ ನೆರಳು ಚೆಲ್ಲಿತ್ತು. ನೆರಳು ಸರಿದ ಹಾಗೆ ಅದರೊಳಗೆ ಕೂತಿದ್ದವರೂ ಮಾತು ನಿಲ್ಲಿಸದೆ ಸ್ವಲ್ಪ ಸ್ವಲ್ಪವೇ ಸರಿಯುತ್ತಿದ್ದರು. ಮೇಡಂ ಮಧ್ಯಾಹ್ನವಿಡೀ ಅವರೊಂದಿಗೇ ಸರಿದರು. ಯಾರೂ ನಮ್ಮನ್ನು ಏನು ಬೇಕೆಂದು ಕೇಳಲಿಲ್ಲ.

ಪುರಭವನದ ಒಳಗೆ, ಹಿಂದೆ ಊರಿನ ಆಡಳಿತಗಾರರು ಸೇರುತ್ತಿದ್ದ ಕೋಣೆಯಿದೆ. ಅದರ ಒಂದು ಗೋಡೆಯ ಮೇಲೆ ಚೆನ್ನಾಗಿ ಆಳಿದ ನಗರದ ಚಿತ್ರ, ಎದುರು ಗೋಡೆಯಲ್ಲಿ ಕೆಟ್ಟದಾಗಿ ಆಳಿದ್ದರ ಚಿತ್ರ. ಕೆಟ್ಟ ನಗರದಲ್ಲಿ ಮನೆಗಳು ಕುಸಿಯುತ್ತಿವೆ. ಒಳ್ಳೆಯ ನಗರದ ಬೀದಿಯಲ್ಲಿ ಹೆಂಗಸರು ಕೈಕೈ ಹಿಡಿದು ಕುಣಿಯುತ್ತಿದ್ದಾರೆ, ಅಂಗಡಿಗಳು ತೆರೆದಿವೆ, ಮೇಲೆ ಗಾರೆ ಕೆಲಸದವರು ಮನೆ ಕಟ್ಟುತ್ತಿದ್ದಾರೆ. ಮೇಡಂ ಬಹಳ ಹೊತ್ತು ಆ ಗಾರೆಯವರನ್ನೇ ನೋಡುತ್ತ ನಿಂತರು.

‘ಕಟ್ಟುವವರನ್ನೂ ಊರಿನವರು ಅಂತಲೇ ಬರೆದಿದ್ದಾನೆ ಚಿತ್ರಕಾರ, ಗೊತ್ತಾಯ್ತಾ?’ ಎಂದರು.

ದುಬೈಗೆ ಮರಳಿ ಅವರು ಬರೆದ ನಕ್ಷೆಯಲ್ಲಿ ಚೌಕದ ಇಳಿಜಾರು ಅಗಲವಾದ ತಗ್ಗು ಮೆಟ್ಟಿಲುಗಳಾಗಿತ್ತು. ಸಂಜೆಯ ನೆರಳು ಮೆಟ್ಟಿಲಿನ ಮೇಲೆ ಬೀಳಲೆಂದು ಗಡಿಯಾರದ ಗೋಪುರವನ್ನು ಪಶ್ಚಿಮಕ್ಕೆ ಸರಿಸಿದ್ದರು. ಸಭೆಯಲ್ಲಿ, ಮಾಲ್‌ನ ಮಳಿಗೆಗಳನ್ನು ಬಾಡಿಗೆಗೆ ಕೊಡುವ ವಿಭಾಗದ ಮುಖ್ಯಸ್ಥ ಆ ಮೆಟ್ಟಿಲುಗಳ ಮೇಲೆ ಪೆನ್ನಿಟ್ಟ.

‘ಇದರಿಂದ ನಮಗೇನು ಬರುತ್ತೆ?’

‘ಏನೂ ಬರುವುದಿಲ್ಲ,’ ಎಂದರು ಮೇಡಂ.

ನಾನು ತಲೆ ತಗ್ಗಿಸಿದೆ. ಅವರು ಅದೇ ದನಿಯಲ್ಲಿ ಮುಂದುವರಿಸಿದರು. ‘ಇದು ಏನನ್ನೂ ಮಾರದ ಜಾಗ. ಅದು ಬೇಡವಾದರೆ ಅಂಗಡಿಗಳ ನಡುವೆ ಒಂದು ದಾರಿ ಇರಲಿ, ಸಾಕು. ಚೌಕ ಅಂತ ಕರೆಯಬೇಡಿ.’

ಆಮೇಲೆ ಚೌಕಾಸಿ ಶುರುವಾಯಿತು. ತಮಗೆ ಕಂಡರಾಗದ ಪ್ಲಾಸ್ಟರ್ ಕಮಾನುಗಳನ್ನು ಮೇಡಂ ಒಪ್ಪಿಕೊಂಡರು. ಅಮೃತಶಿಲೆಯ ಕಾರಂಜಿಯನ್ನೂ ಒಪ್ಪಿಕೊಂಡರು. ಮೆಟ್ಟಿಲು ಮತ್ತು ನೆರಳು ಮಾತ್ರ ಬಿಡಲಿಲ್ಲ. ಸಭೆ ಮುಗಿಯುವಾಗ ಮೆಟ್ಟಿಲು ಉಳಿದಿತ್ತು, ಆ ಕೆಲಸದಲ್ಲಿ ಅವರು ಉಳಿಯಲಿಲ್ಲ. ಆ ತಿಂಗಳೇ ಅವರನ್ನು ದೂರದ ಅಲ್ ಐನ್ ಊರಿನ ಒಂದು ಕ್ಲಿನಿಕ್ಕಿನ ವಿಸ್ತರಣೆಯ ಕೆಲಸಕ್ಕೆ ಹಾಕಿದರು. ಅವರ ಅನುಭವಕ್ಕೆ ಅದು ತೀರಾ ಸಣ್ಣ ಕೆಲಸ. ಮೇಜು ಖಾಲಿ ಮಾಡುತ್ತ, ‘ಕಮಾನು ಎಷ್ಟು ಬೇಕಾದರೂ ಹಾಕಿಕೊಳ್ಳಲಿ. ಮೆಟ್ಟಿಲು ಮುಟ್ಟಿದರೆ ನನಗೊಂದು ಫೋನ್ ಮಾಡು, ಆಯ್ತಾ?’ ಎಂದರು. ಫೋನ್ ಮಾಡುವ ಪ್ರಸಂಗ ಬರಲಿಲ್ಲ.

ಮಾಲ್ ತೆರೆದ ಚಳಿಗಾಲದ ಒಂದು ಭಾನುವಾರ ಸಂಜೆ ಇಬ್ಬರೂ ನೋಡಲು ಹೋದೆವು. ಕೆಳಗಿನ ಮೆಟ್ಟಿಲಲ್ಲಿ ಇಸ್ತ್ರಿ ಮಾಡಿದ ಶರ್ಟು ತೊಟ್ಟ ಕೆಲವು ಗಂಡಸರು ಕೂತಿದ್ದರು. ಒಬ್ಬನ ಗುರುತು ನನಗೆ ಹತ್ತಿತು. ಇದೇ ಮೆಟ್ಟಿಲಿಗೆ ಕಲ್ಲು ಕೂರಿಸಿದವನು. ರಜೆಯ ದಿನ ಮುಹೈಸ್ನಾದ ಕಾರ್ಮಿಕ ವಸತಿಯಿಂದ ಬಸ್ ಹಿಡಿದು, ಕಟ್ಟಿದ್ದನ್ನು ಗೆಳೆಯರಿಗೆ ತೋರಿಸಲು ಬಂದಿದ್ದ. ಅಷ್ಟರಲ್ಲಿ ಸೆಕ್ಯುರಿಟಿಯವನು ಬಂದು, ‘ಯಲ್ಲಾ ಭಾಯ್, ಚಲೋ, ಇಲ್ಲಿ ಕೂರಬಾರದು’ ಎಂದ. ಅವರು ಏಳತೊಡಗಿದರು.

ಮೇಡಂ ಹೋಗಿ ಅವರ ಪಕ್ಕದಲ್ಲೇ ಕೂತುಬಿಟ್ಟರು. ‘ನಾನೂ ಏನೂ ಖರೀದಿಸಿಲ್ಲ. ನನ್ನನ್ನೂ ಎಬ್ಬಿಸಿ,’ ಎಂದರು ಹಿಂದಿಯಲ್ಲಿ.

ಅವನು ಗಲಿಬಿಲಿಗೊಂಡ. ‘ಮೇಡಂ, ನೀವು ಕೂತ್ಕೊಳ್ಳಿ. ನಿಮಗೆ ಹೇಳಿದ್ದಲ್ಲ.’

‘ಯಾಕೆ? ನನಗೂ ಇವರಿಗೂ ಎಂತ ವ್ಯತ್ಯಾಸ?’

ಸೆಕ್ಯುರಿಟಿಯವನು ಮೇಲ್ವಿಚಾರಕನನ್ನು ಕರೆದ. ಮೇಲ್ವಿಚಾರಕ ಬಂದು ಮೇಡಂ ಮುಖ ನೋಡಿದ, ಗಂಡಸರ ಮುಖ ನೋಡಿದ, ಸುತ್ತ ಫೋನ್ ಎತ್ತಿಕೊಂಡು ನಿಂತಿದ್ದ ಪ್ರವಾಸಿಗಳನ್ನೂ ನೋಡಿದ. ‘ಖಲಾಸ್, ಬಿಡು’ ಎಂದು ಹೊರಟುಹೋದ. ಕತ್ತಲಾಗುವವರೆಗೆ ಎಲ್ಲರೂ ಕೂತಿದ್ದೆವು. ಕಲ್ಲು ಕೂರಿಸಿದವನು, ಪಕ್ಕದಲ್ಲಿದ್ದವರು ಯಾರೆಂದು ತಿಳಿಯದೆಯೇ, ಅಂಚಿನ ಕಲ್ಲನ್ನು ಹೇಗೆ ಉಜ್ಜಿದೆವೆಂದು ಅವರಿಗೆ ವಿವರಿಸಿದ. ಮೇಡಂ ತಲೆಯಾಡಿಸುತ್ತ ಕೇಳಿದರು. ತಾವೇ ನಕ್ಷೆ ಬರೆದದ್ದೆಂದು ಹೇಳಲಿಲ್ಲ.

ಮುಂದಿನ ವರ್ಷ ಆಡಳಿತದವರು ಮೇಲಿನ ಮೆಟ್ಟಿಲುಗಳನ್ನು ಒಂದು ಕಾಫಿ ಅಂಗಡಿಗೆ ಕೊಟ್ಟು ಮೇಜು ಕುರ್ಚಿ ಹಾಕಿಸಿದರು. ನನಗೆ ಸಿಟ್ಟು ಬಂದಿತ್ತು. ಮೇಡಂ, ‘ಕೆಳಗಿನ ಅರ್ಧ ಉಂಟಲ್ಲ, ಸುಮ್ಮನಿರು’ ಎಂದರು.

ಆ ಹೊತ್ತಿಗೆ ಅವರಿಗೆ ಕಾಯಿಲೆ ಶುರುವಾಗಿತ್ತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಪತ್ತೆಯಾಗುವಾಗಲೇ ತಡವಾಗಿತ್ತು. ಕೆಲಸ ಬಿಟ್ಟು ಮಂಗಳೂರಿಗೆ ಹೋದರು. ಫೋನಿನಲ್ಲಿ ಆರೋಗ್ಯದ ಮಾತೆತ್ತಿದರೆ, ನಾನೀಗ ಏನು ಬರೆಯುತ್ತಿದ್ದೇನೆಂದು ಕೇಳುತ್ತಿದ್ದರು. ಮಳೆ ಹಿಡಿಯುವ ಮುಂಚೆಯೇ ತೀರಿಕೊಂಡರು.

ಅವರ ತಂಗಿ ಊರಿನಲ್ಲಿ ಅಕ್ಕನ ಅಂತ್ಯಕ್ರಿಯೆ ಮುಗಿಸಿ ದುಬೈಗೆ ಮರಳಿದ ಮೇಲೆ ಕರಾಮದ ಮನೆಗೆ ಹೋಗಿದ್ದೆ. ‘ಅಕ್ಕ ಒಂದು ಚೌಕ ಮಾಡಿದ್ದಾಳೆ ಅಂತ ಗೊತ್ತು. ಒಮ್ಮೆ ತೋರಿಸು ಅಂದರೆ, ಅದರಲ್ಲಿ ನೋಡುವುದು ಎಂತ ಉಂಟು ಅಂತ ಹೇಳುತ್ತಿದ್ದಳು. ನೀವು ತೋರಿಸ್ತೀರಾ?’ ಎಂದರು.

ಚಳಿ ಶುರುವಾದ ಮೇಲೆ ಒಂದು ಭಾನುವಾರ ಅವರನ್ನು ಕರೆದುಕೊಂಡು ಹೋದೆ. ಗೋಪುರದ ನೆರಳಿನಲ್ಲಿ ಜನ ಕಿಕ್ಕಿರಿದಿದ್ದರು: ಮಕ್ಕಳ ಜೊತೆಗಿದ್ದ ಆಯಾಗಳು, ಹೋಟೆಲಿನ ಸಮವಸ್ತ್ರದಲ್ಲೇ ಬಂದವರು, ಮುಹೈಸ್ನಾದ ಗಂಡಸರು, ಒಂದು ಅರಬ್ ಕುಟುಂಬ. ಕೂರಲು ಎಲ್ಲೂ ಜಾಗವಿರಲಿಲ್ಲ. ನಾವು ಬದಿಯಲ್ಲಿ ನಿಂತಿದ್ದನ್ನು ನೋಡಿ, ಗುರುತು ಪರಿಚಯವಿಲ್ಲದ ಒಬ್ಬ ಗಂಡಸು ತನ್ನ ಟಿಫಿನ್ ಡಬ್ಬಿ ತೊಡೆಯ ಮೇಲೆತ್ತಿಕೊಂಡು ಪಕ್ಕಕ್ಕೆ ಸರಿದ.

‘ಆವೋ ದೀದಿ, ಬೈಠೋ,’ ಎಂದ.

ತಂಗಿ ಕೂತರು.