ಡೆಲೋರಿಸಳ ಸ್ವೆಟರಿನ ಬಣ್ಣ

ವರ್ಲಿನ್ ಸ್ಕೋಗ್‌ಸ್ಟಡ್‌ನ ಮನೆಯಲ್ಲಿ ಒಂದು ಕೋಣೆಯಿದೆ. ಬೂದು ಬಿಟ್ಟು ಬೇರೆ ಯಾವ ಬಣ್ಣಕ್ಕೂ ಅಲ್ಲಿ ಪ್ರವೇಶವಿಲ್ಲ. ಗೋಡೆ ಬೂದು, ಚಾವಣಿ ಬೂದು, ಕುರ್ಚಿಯ ದಿಂಬೂ ಬೂದು. ಒಳಗೆ ಹೋಗುವಾಗ ಅವನು ಬೂದು ಅಂಗಿಯನ್ನೇ ತೊಡುತ್ತಾನೆ. ಕೆಂಪಂಗಿ ತೊಟ್ಟು ಕೂತರೆ ಅದರ ಛಾಯೆ ಕಂಪ್ಯೂಟರಿನ ಪರದೆಗೆ ಬಡಿದು, ಪರದೆಯೊಳಗಿನ ಮದುಮಗಳ ಕೆನ್ನೆ ಇದ್ದದ್ದಕ್ಕಿಂತ ಕೆಂಪಾಗಿ ಕಾಣುತ್ತದಂತೆ. ಹೆಂಡತಿ ಮಾರ್ಜ್ ಕಾಫಿ ತಂದುಕೊಡಬೇಕಾದರೆ ಬಾಗಿಲ ಹಿಂದೆ ನೇತುಹಾಕಿರುವ ಬೂದು ಏಪ್ರನ್ ಕಟ್ಟಿಕೊಳ್ಳಬೇಕು. ಅವರ ಬೆಕ್ಕು ಕಿತ್ತಳೆ ಬಣ್ಣದ್ದು. ಹನ್ನೊಂದು ವರ್ಷದಿಂದ ಅದು ಬಾಗಿಲಾಚೆಯೇ ಕೂತಿದೆ.

ಮೂವತ್ತು ವರ್ಷ ಅವನು ನಮ್ಮೂರಿನ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುತ್ತಿದ್ದ. ತೂಗುಕಟ್ಟೆಯ ಮೇಲೆ ಗುಬ್ಬಚ್ಚಿ ಕೂತಿದ್ದರೆ ಅದನ್ನು ಓಡಿಸಿ ಮತ್ತೆ ತೂಗುತ್ತಿದ್ದವನು. ನಿವೃತ್ತನಾದ ಮೇಲೆ ಆ ಚಟವನ್ನೆಲ್ಲ ಕ್ಯಾಮೆರಾದ ಮೇಲೆ ತೀರಿಸಿಕೊಂಡ. ಚರ್ಚಿನ ಮದುವೆ, ಮಕ್ಕಳ ದೀಕ್ಷೆ, ಕೆರೆಯಲ್ಲಿ ಯಾರಾದರೂ ಹಿಡಿದ ದೊಡ್ಡ ಮೀನು, ಎಲ್ಲಕ್ಕೂ ಅವನೇ ಫೋಟೋಗ್ರಾಫರ್. ಚರ್ಚಿನ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿರುವ ನನಗೆ ಅವನ ಕಾಟ ಚೆನ್ನಾಗಿ ಗೊತ್ತು.

ಫೋಟೋ ತೆಗೆದದ್ದೇ ಮೂರು ಪ್ರತಿ ಮಾಡುತ್ತಾನೆ. ಎರಡು ಮನೆಯಲ್ಲಿ, ಮೂರನೆಯದು ಚರ್ಚಿನ ಬಾಯ್ಲರ್ ಕೋಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಮನೆ ಮತ್ತು ಚರ್ಚು ಒಂದೇ ದಿನ ಸುಡಲಾರವು ಎಂಬುದು ಅವನ ಲೆಕ್ಕಾಚಾರ. ಊರಿಗೆ ಊರೇ ಸುಟ್ಟರೆ ಏನು ಮಾಡುತ್ತೀಯ ಎಂದು ನಾನು ತಮಾಷೆಗೆ ಕೇಳಿದೆ. ವಾರವೆಲ್ಲ ಯೋಚಿಸಿ, ನಾಲ್ಕನೆಯ ಪ್ರತಿಯನ್ನು ಫಾರ್ಗೋದಲ್ಲಿರುವ ತಂಗಿಗೆ ಕಳಿಸಿದ. ಫೋಟೋಗಳಿಗೆ ಅವನಿಡುವ ಹೆಸರು ಬರೀ ತಾರೀಖು ಮತ್ತು ಸಂಖ್ಯೆ. ನಿಮ್ಮ ಮಗಳ ಮದುವೆಯ ಫೋಟೋ ಬೇಕೆಂದರೆ ಮಗಳ ಹೆಸರು ಹೇಳಿ ಪ್ರಯೋಜನವಿಲ್ಲ. ಪ್ರತಿ ಸೋಮವಾರ ಒಂದು ಪುಟ್ಟ ಯಂತ್ರವನ್ನು ಪರದೆಯ ಮೇಲಿಟ್ಟು, ಮಗುವಿಗೆ ಜ್ವರ ನೋಡುವ ಹಾಗೆ ಅದರ ಬಣ್ಣ ಸರಿಯಿದೆಯೇ ಎಂದು ನೋಡುತ್ತಾನೆ. ಆಮೇಲೆ ಫೋಟೋಗಳಿಗೆ ಒಂದರಿಂದ ಐದು ನಕ್ಷತ್ರ ಹಾಕುವ ಕೆಲಸ. ಈವರೆಗೆ ಯಾವ ಫೋಟೋಗೂ ಐದು ಸಿಕ್ಕಿಲ್ಲ. ಅವನ ಸ್ವಂತ ಮದುವೆಯ ಫೋಟೋಗೇ ಮೂರು. ಮಾರ್ಜ್‌ಗೆ ಇದು ಗೊತ್ತಿದೆ.

ಫೆಬ್ರವರಿಯಲ್ಲಿ ಡೆಲೋರಿಸ್ ತೀರಿಕೊಂಡಳು. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯನ್ನು ಮೂವತ್ತೆಂಟು ವರ್ಷ ಆಳಿದವಳು ಅವಳು. ಮೊಟ್ಟೆ ಒಡೆದು ಹಾಕಿ ಕುದಿಸುವ ನಮ್ಮ ಕಾಫಿಯನ್ನು ಅವಳ ಹದದಲ್ಲಿ ಮಾಡುವವರು ಇನ್ನು ಹುಟ್ಟಬೇಕು. ಅಂಥವರು ಹೋದರೆ ಅವರ ಫೋಟೋವನ್ನು ನಲ್ಲಿಯಿರುವ ದೊಡ್ಡ ಕಾಫಿ ಹಂಡೆಯ ಮೇಲಿನ ಗೋಡೆಗೆ ತೂಗುಹಾಕುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ವರ್ಲಿನ್ ಹತ್ತಿರ ಒಳ್ಳೆಯದೊಂದು ಫೋಟೋ ಇತ್ತು. ಅಕ್ಟೋಬರಿನ ಲುಟಫಿಸ್ಕ್ ಮೀನೂಟದ ದಿನ ಆ ನೆಲಮಾಳಿಗೆಯಲ್ಲೇ ತೆಗೆದದ್ದು. ತಾನೇ ಹೆಣೆದ ನೀಲಿ ಸ್ವೆಟರ್ ತೊಟ್ಟು, ಕೈಯಲ್ಲಿ ಸೌಟು ಹಿಡಿದು, ಸಾಲು ಮುರಿದು ಮುಂದೆ ನುಗ್ಗಿದವನನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಹಾಗೆ ನುಗ್ಗಿದವನು ಅವಳ ಗಂಡ ಹಾಲ್ವರ್.

ಫೋಟೋ ಅಚ್ಚು ಹಾಕಿಸುವ ಮುಂಚೆ ಹಾಲ್ವರ್ ನನ್ನ ಕಚೇರಿಗೆ ಬಂದಿದ್ದ. ಮಾತು ಬಹಳ ಕಡಿಮೆಯ ಮನುಷ್ಯ. ಟೋಪಿ ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತಾ ನಿಂತ.

"ಅವಳ ಮುಖ ಮರ್ತು ಹೋಗ್ತಾ ಇದೆ ಗ್ಲೆನಿಸ್," ಅಂದ. "ನಲವತ್ತೊಂದು ವರ್ಷ ನೋಡಿದೀನಿ, ಈಗ ಕಣ್ಣು ಮುಚ್ಚಿದ್ರೆ ಬರೋದೇ ಇಲ್ಲ. ಆ ಫೋಟೋ ಬಂದ್ರೆ ಬರಬೋದು ಅನ್ಸುತ್ತೆ."

ಇದನ್ನು ವರ್ಲಿನ್‌ಗೆ ಹೇಳಿದೆ. ಹೇಳಬಾರದಿತ್ತೇನೋ, ಏಕೆಂದರೆ ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಹದಿನಾಲ್ಕು ಬಗೆಯ ಕಾಗದ ತರಿಸಿದ. ನೆಲಮಾಳಿಗೆಯ ಹಳೆಯ ಟ್ಯೂಬ್‌ಲೈಟು ಡೆಲೋರಿಸಳ ಮುಖಕ್ಕೆ ಬಳಿದಿದ್ದ ಹಸಿರು ಛಾಯೆಯನ್ನು ಕೂದಲೆಳೆಯಷ್ಟೂ ಬಿಡದೆ ತೆಗೆದ. ಅವನ ಬೂದು ಕೋಣೆಯಲ್ಲಿ ಆ ಚಿತ್ರ ನೋಡಿದಾಗ ನಿಜವಾಗಿಯೂ ಚೆನ್ನಾಗಿತ್ತು, ಇದನ್ನು ಒಪ್ಪಿಕೊಳ್ಳಲೇಬೇಕು.

ಮೊದಲ ಪ್ರತಿಯನ್ನು ಹಂಡೆಯ ಮೇಲೆ ತೂಗುಹಾಕಿ ಹಾಲ್ವರನನ್ನು ಕರೆದೆವು. ಹಸಿರು ಬಳಿಯುವ ಆ ಟ್ಯೂಬ್‌ಲೈಟುಗಳನ್ನು ವರ್ಲಿನ್ ಹಚ್ಚಗೊಡಲಿಲ್ಲ, ನೆಲಮಾಳಿಗೆಯ ಪುಟ್ಟ ಕಿಟಕಿಯ ಬೆಳಕಿನಲ್ಲೇ ತೋರಿಸಿದ. ಅವನು ಬಹಳ ಹೊತ್ತು ನೋಡಿ, "ಬೇರೆ ಥರ ಇದೆ," ಅಂದ.

ನಮ್ಮ ಕಡೆ ಯಾರೂ ಯಾವುದನ್ನೂ ಚೆನ್ನಾಗಿಲ್ಲ ಎನ್ನುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಂಬಿದ ಜನ. ತೀರಾ ಸಹಿಸಲಾಗದಿದ್ದರೆ "ಬೇರೆ ಥರ ಇದೆ" ಎನ್ನುತ್ತೇವೆ, ಕುಣಿದಾಡುವಷ್ಟು ಹಿಡಿಸಿದರೆ "ಪರವಾಗಿಲ್ಲ" ಎನ್ನುತ್ತೇವೆ. ಈ ಎರಡು ಮಾತಿನಲ್ಲೇ ನಮ್ಮ ಸಂಸಾರಗಳು ನಡೆದಿವೆ. ಹಾಲ್ವರನ ಮಾತು ಕೇಳಿ ವರ್ಲಿನ್ ಗೋಡೆ ಹಿಡಿದುಕೊಂಡ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಿತ್ರದಲ್ಲಿ ತಪ್ಪಿಲ್ಲ, ನೆಲಮಾಳಿಗೆಯ ಬೆಳಕಿನಲ್ಲಿ ತಪ್ಪಿದೆ ಎಂದು ವರ್ಲಿನ್ ಚರ್ಚಿನ ಸಮಿತಿಗೆ ಎರಡು ಪುಟದ ಅರ್ಜಿ ಬರೆದ. ಸಮಿತಿಯಲ್ಲಿ ಬೇಡ ಎನ್ನುವ ಅಭ್ಯಾಸ ಯಾರಿಗೂ ಇಲ್ಲ. ಗುಂಯ್‌ಗುಡುವ ಹಳೆಯ ಟ್ಯೂಬುಗಳನ್ನೆಲ್ಲ ತೆಗೆಸಿ, ಹಗಲು ಬೆಳಕಿನಂಥ ಹೊಸ ದೀಪ ಹಾಕಿಸಿದ. ಹಾಲ್ವರ್ ಬಂದು ನೋಡಿದ. ಬೇರೆ ಥರ ಇತ್ತು. ಗೋಡೆಯ ತಿಳಿಹಸಿರೇ ಕಾರಣವೆಂದು ಗೋಡೆಗೆ ಬೂದು ಬಳಿಸಿದ. ಆಗಲೂ ಬೇರೆ ಥರವೇ. ಮೇಜಿನ ಹಾಸುಗಳು ಬೂದಾದವು. ಹಂಡೆಯ ಎದುರಿನ ಮೇಜಿಗೆ ಕೆಂಪು ಜೆಲ್ಲಿ ತರಕೂಡದೆಂದು ಬೋರ್ಡು ಬಿತ್ತು. ಕೊನೆಗೆ ಬುಧವಾರ ಕೌದಿ ಹೊಲಿಯಲು ಬರುವ ಹೆಂಗಸರು ಗಾಢ ಬಣ್ಣದ ಬಟ್ಟೆ ತೊಡದಿದ್ದರೆ ಉಪಕಾರವಾಗುತ್ತದೆ ಎಂಬ ಚೀಟಿ ನನ್ನ ಕೈಯಿಂದಲೇ ಬಾಗಿಲಿಗೆ ಅಂಟಿತು. ಅವರು ಬೂದು ಬಟ್ಟೆ ತೊಟ್ಟು, ಬೂದು ಗೋಡೆಯ ನಡುವೆ, ಬೂದು ಹಾಸಿನ ಮೇಲೆ ಕೌದಿ ಹೊಲಿದರು. ಜೈಲಿನ ಹಾಗಿದೆ ಎಂದು ಒಬ್ಬರೂ ಅನ್ನಲಿಲ್ಲ, ಎಲ್ಲರೂ ಬೇರೆ ಥರ ಇದೆ ಎಂದರು. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ನನಗೆ ಸಿಟ್ಟು ಬರುತ್ತಿದ್ದದ್ದು ಗೋಡೆಯ ವಿಷಯಕ್ಕಲ್ಲ. ಪ್ರತಿ ಸಲವೂ ಹಾಲ್ವರ್ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು ಬರುತ್ತಿದ್ದ. ಬಂದು, ನೋಡಿ, ಪೆಚ್ಚುಮೋರೆಯಲ್ಲಿ ವಾಪಸು ಹೋಗುತ್ತಿದ್ದ. ಹೆಂಡತಿಯನ್ನು ನೋಡಲು ಬಂದವನಿಗೆ ನಾವು ವಾರಕ್ಕೊಂದು ಸಲ ಯಾರೋ ಪರಕೀಯ ಹೆಂಗಸನ್ನು ತೋರಿಸುತ್ತಿದ್ದೆವು.

ಮೇ ತಿಂಗಳ ಕೊನೆಯ ಬುಧವಾರ ವರ್ಲಿನ್ ತನ್ನ ಕೊನೆಯ ಅಸ್ತ್ರ ತೆಗೆದ. ಆ ಸ್ವೆಟರನ್ನೇ ತಾ ಎಂದು ಹಾಲ್ವರ್‌ಗೆ ಹೇಳಿ ಕಳಿಸಿದ. ಹಾಲ್ವರ್ ಅದನ್ನು ಬ್ರೆಡ್ಡಿನ ಚೀಲದಲ್ಲಿ ಸುತ್ತಿ ತಂದ. ವರ್ಲಿನ್ ಪುಟ್ಟ ಯಂತ್ರವನ್ನು ಮೊದಲು ಸ್ವೆಟರಿನ ತೋಳಿನ ಮೇಲಿಟ್ಟ, ಆಮೇಲೆ ಚಿತ್ರದ ತೋಳಿನ ಮೇಲಿಟ್ಟ. ಅಂಕಿಗಳನ್ನು ಜೋರಾಗಿ ಓದಿದ. ಎರಡೂ ಒಂದೇ. ಕೌದಿಯ ಹೆಂಗಸರು ಸೂಜಿ ನಿಲ್ಲಿಸಿ ನೋಡಿದರು. ಯಂತ್ರದ ಪ್ರಕಾರ ಡೆಲೋರಿಸ್ ಗೋಡೆಯ ಮೇಲೆ ಸರಿಯಾಗಿಯೇ ಇದ್ದಳು.

ಹಾಲ್ವರ್ ಚಿತ್ರವನ್ನು ನೋಡಿದ. ಮೇಜಿನ ಮೇಲೆ ಹರಡಿದ್ದ ಸ್ವೆಟರನ್ನು ನೋಡಿದ. ಮತ್ತೆ ಚಿತ್ರವನ್ನು ನೋಡಿದ.

"ಈ ಸ್ವೆಟರೂ ಬೇರೆ ಥರ ಇದೆ," ಅಂದ.

ವರ್ಲಿನ್ ಕುರ್ಚಿಯಲ್ಲಿ ಕುಸಿದ. ಯಂತ್ರವನ್ನು ಅಂಗಿಗೆ ಒರೆಸಿ ಮತ್ತೊಮ್ಮೆ ಸ್ವೆಟರಿನ ಮೇಲಿಟ್ಟ. ಅಂಕಿ ಬದಲಾಗಲಿಲ್ಲ. ಅವನ ಮುಖ ನೋಡಿದರೆ ಮರುಕ ಬರಬೇಕಿತ್ತು, ಆದರೆ ನನಗೆ ತಲೆ ಕೆಟ್ಟಿತ್ತು.

"ಆ ಡಬ್ಬಿ ಆಚೆ ಇಡೋ ಮಾರಾಯ," ಎಂದು ಗದರಿದೆ. "ಹಾಲ್ವರ್, ನೀನು ಹೇಳು. ಈ ಸ್ವೆಟರ್‌ನಲ್ಲಿ ಅವಳನ್ನ ಎಲ್ಲಿ ನೋಡ್ತಿದ್ದೆ?"

"ಇಲ್ಲೇ," ಅಂದ ಹಾಲ್ವರ್. "ಮನೇಲಿ ಇದನ್ನ ಹಾಕ್ತಾನೇ ಇರ್ಲಿಲ್ಲ. ಚರ್ಚ್ ಅಡಿಗೆಮನೆಗೇ ಅಂತ ಇಟ್ಟಿದ್ಲು. ಅವಳು ಬಡಿಸೋಳು, ನಾನು ಪಾತ್ರೆ ತೊಳೆಯೋನು."

ಇಲ್ಲೇ ಎಂದರೆ ನಮ್ಮ ಹಾಳು ಟ್ಯೂಬ್‌ಲೈಟಿನ ಕೆಳಗೆ. ಅಲ್ಲಿ ನೀಲಿ ನೀಲಿಯಾಗಿರುತ್ತಿರಲಿಲ್ಲ, ಪಾಚಿಯ ಹಾಗೆ ಕಾಣುತ್ತಿತ್ತು. ಅಲ್ಲಿ ನಾವೆಲ್ಲರೂ ಕಾಮಾಲೆ ಹಿಡಿದವರ ಹಾಗೆಯೇ ಇದ್ದೆವು, ಒಬ್ಬರನ್ನೊಬ್ಬರು ಹಾಗೆಯೇ ಪ್ರೀತಿಸಿದ್ದೆವು. ಫೋಟೋದಿಂದ ಆ ಹಸಿರನ್ನು ತೆಗೆದವನು ವರ್ಲಿನ್. ನೆಲಮಾಳಿಗೆಯಿಂದ ತೆಗೆಸಿದವನೂ ಅವನೇ. ಇದು ಅವನಿಗೂ ಅದೇ ಗಳಿಗೆಯಲ್ಲಿ ಹೊಳೆಯಿತು ಎಂದು ಕಾಣುತ್ತದೆ, ಯಂತ್ರವನ್ನು ಜೇಬಿಗೆ ಹಾಕಿಕೊಂಡು ಎದ್ದು ಬಾಯ್ಲರ್ ಕೋಣೆಗೆ ನಡೆದ.

ಅವನು ಏನನ್ನೂ ಎಸೆಯುವವನಲ್ಲ. ಹಳೆಯ ಟ್ಯೂಬುಗಳೆಲ್ಲ ಕಬ್ಬಿಣದ ಪೆಟ್ಟಿಗೆಯ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ತಾರೀಖು ಮತ್ತು ಸಂಖ್ಯೆ. ಹಂಡೆಯ ಮೇಲಿದ್ದ ಎರಡನ್ನು ಆರಿಸಿ ತಂದ. ಏಣಿ ಹತ್ತಿ, ಹೊಸ ದೀಪ ಬಿಚ್ಚಿ, ಹಳೆಯವನ್ನು ಕೂರಿಸಿದ. ಅವು ಎರಡು ಸಲ ಕಣ್ಣು ಮಿಟುಕಿಸಿ, ಗುಂಯ್‌ಗುಟ್ಟಿ, ಹತ್ತಿಕೊಂಡವು. ಹದಿನಾಲ್ಕು ಬಗೆಯ ಕಾಗದದಲ್ಲಿ ಸೋಸಿ ತೆಗೆದಿದ್ದ ಹಸಿರೆಲ್ಲ ಒಂದೇ ಕ್ಷಣದಲ್ಲಿ ಡೆಲೋರಿಸಳ ಮುಖಕ್ಕೆ ವಾಪಸು ಬಂತು. ವರ್ಲಿನ್ ಏಣಿಯ ಮೇಲೆಯೇ ಕಣ್ಣು ಮುಚ್ಚಿಕೊಂಡ. ಆ ಚಿತ್ರಕ್ಕೆ ಅವನು ನಾಲ್ಕು ನಕ್ಷತ್ರ ಹಾಕಿದ್ದ.

ಹಾಲ್ವರ್ ಟೋಪಿಯನ್ನು ಮೇಜಿನ ಮೇಲಿಟ್ಟ. ಅಷ್ಟು ವಾರಗಳಲ್ಲಿ ಅವನು ಟೋಪಿ ಕೆಳಗಿಟ್ಟದ್ದು ಅದೇ ಮೊದಲು.

"ಪರವಾಗಿಲ್ಲ," ಅಂದ. ಇನ್ನೊಮ್ಮೆ ಅಂದ, "ಪರವಾಗಿಲ್ಲ ವರ್ಲಿನ್."

ಹೆಂಗಸರಲ್ಲಿ ಒಬ್ಬಿಬ್ಬರು ಮೂಗೊರೆಸಿಕೊಂಡರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ. ಹಾಲ್ವರ್ ಕಾಫಿ ಕಪ್ಪೊಂದನ್ನು ಎತ್ತಿಕೊಂಡು ನೇರವಾಗಿ ಹಂಡೆಯ ಕಡೆ ಹೋದ. ನಲ್ಲಿ ತಿರುಗಿಸಲು ಕೈ ಚಾಚಿದವನು ತಲೆಯೆತ್ತಿ ನೋಡಿದ. ಡೆಲೋರಿಸ್ ಸೌಟು ಹಿಡಿದು ಅವನನ್ನೇ ದುರುಗುಟ್ಟುತ್ತಿದ್ದಳು.

ಅವನು ಕೈ ಹಿಂದಕ್ಕೆಳೆದುಕೊಂಡ. ತಿರುಗಿ ಬಂದು, ಮೇಜುಗಳನ್ನೆಲ್ಲ ದಾಟಿ, ಮೀನೂಟದ ದಿನ ಸಾಲು ಮುಗಿಯುವ ಬಾಗಿಲ ಹತ್ತಿರ ಹೋಗಿ ಕಪ್ಪು ಹಿಡಿದು ನಿಂತ. ಅವನ ಮುಂದೆ ಯಾರೂ ಇರಲಿಲ್ಲ. ವರ್ಲಿನ್ ಏಣಿಯಿಂದ ಇಳಿದು, ತಾನೂ ಒಂದು ಕಪ್ಪು ತೆಗೆದುಕೊಂಡು, ಹೋಗಿ ಅವನ ಹಿಂದೆ ನಿಂತ.